ಜೆರಾಕ್ಸ್ ಅಂಗಡಿಯ ಕೌಂಟರಿನಿಂದ ಕಂಡ ಆಧಾರ್ ಕಾರ್ಡು

ಉಡುಪಿಯ ಕಿನ್ನಿಮೂಲ್ಕಿ ಹತ್ತಿರ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಹೆಸರಿಗೆ ಜೆರಾಕ್ಸ್, ಅರ್ಧ ದುಡಿಮೆ ಮಾತ್ರ ಆನ್‌ಲೈನ್ ಅರ್ಜಿಗಳದ್ದು. ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನ, ಪಾನ್, ಪಾಸ್‌ಪೋರ್ಟ್. ಗಲ್ಫಿಗೆ ಹೊರಟವರು, ಮಣಿಪಾಲದ ಪಿಜಿಗೆ ಸೇರುವ ಮಕ್ಕಳು, ಮಲ್ಪೆಯ ಬೋಟಿನಲ್ಲಿ ದುಡಿಯುವ ಹೊರರಾಜ್ಯದವರು, ಎಲ್ಲರೂ ಬರುತ್ತಾರೆ. ಎಲ್ಲರ ಕೈಯಲ್ಲೂ ಆಧಾರ್.

ಗುರುತಿನ ಕಳವು ಅಂದ ಕೂಡಲೇ ಜನ ಪಾಸ್‌ವರ್ಡ್ ಬಗ್ಗೆ ಮಾತಾಡುತ್ತಾರೆ. ನನಗೆ ಮೊದಲು ನೆನಪಾಗುವುದು ಈ ಅಂಗಡಿ ಕೈಗೆ ಬಂದ ದಿನ ತೆರೆದ ಕಂಪ್ಯೂಟರು. ಅದರ ಡೌನ್‌ಲೋಡ್ ಫೋಲ್ಡರಿನಲ್ಲಿ ಆಧಾರ್ 1, ಆಧಾರ್ 2, ಆಧಾರ್ ಹೊಸತು, ಆಧಾರ್ ಅಮ್ಮ ಎಂದು ಸಾಲಾಗಿ ಫೈಲುಗಳು. ಜೊತೆಗೆ ಪಾಸ್‌ಬುಕ್ಕಿನ ಮೊದಲ ಪುಟ, ಪಾನ್ ಕಾರ್ಡು, ಖಾಲಿ ಕಾಗದದ ಮೇಲೆ ಮಾಡಿದ ಸಹಿಯ ಫೋಟೋ. ಒಬ್ಬರ ಹೆಸರಿನಲ್ಲಿ ಸಾಲ ಎತ್ತಲು ಬೇಕಾದದ್ದೆಲ್ಲ ಒಂದೇ ಕಡೆ. ಯಾರೂ ಕದ್ದದ್ದಲ್ಲ, ಅವರವರೇ ವಾಟ್ಸಾಪ್ ಮಾಡಿದ್ದು. ಪ್ರಿಂಟ್ ತೆಗೆದುಕೊಂಡು ಹೋದರು, ಫೈಲು ಉಳಿಯಿತು. ಅಷ್ಟೇ ವಿಷಯ.

ಅಲ್ಲಿಂದ ನನ್ನ ಕೆಲಸ ಶುರುವಾಯಿತು. ಆ ಫೋಲ್ಡರನ್ನು ಪೂರ್ತಿ ಅಳಿಸಿದೆ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. ಆಮೇಲೆ ಅಂಗಡಿಯ ಮೊಬೈಲು. ಇಲ್ಲಿ ಒಂದು ಸೂಕ್ಷ್ಮ ಉಂಟು. ವಾಟ್ಸಾಪಿನಲ್ಲಿ ಬಂದ ಫೋಟೋ ತಾನಾಗಿ ಗ್ಯಾಲರಿಗೆ ಇಳಿಯುತ್ತದೆ. ಬ್ಯಾಕಪ್ ಆನ್ ಇದ್ದರೆ ಗ್ಯಾಲರಿಯಿಂದ ಗೂಗಲ್ ಫೋಟೋಸಿಗೆ ಏರುತ್ತದೆ. ಚಾಟ್ ಅಳಿಸಿದ ಮಾತ್ರಕ್ಕೆ ಅಲ್ಲಿಂದ ಹೋಗುವುದಿಲ್ಲ. ಹಾಗಾಗಿ ಫೋಟೋ ಗ್ಯಾಲರಿಯಲ್ಲಿ ಕಾಣುವ ಆಯ್ಕೆ, ತಾನಾಗಿ ಡೌನ್‌ಲೋಡ್ ಆಗುವ ಆಯ್ಕೆ ಎರಡನ್ನೂ ಬಂದ್ ಮಾಡಿದೆ. ಹೊಸ ಚಾಟುಗಳಿಗೆಲ್ಲ 24 ಗಂಟೆಯಲ್ಲಿ ಮಾಯವಾಗುವ ಮೆಸೇಜಿನ ಟೈಮರ್ ಹಾಕಿದೆ. ನೀವು ಗಿರಾಕಿಯಾಗಿದ್ದರೂ ಇದನ್ನೇ ಮಾಡಬಹುದು. ಅಂಗಡಿಯವರಿಗೆ ಕಳುಹಿಸುವ ಮೊದಲು ಆ ಚಾಟಿಗೆ ನೀವೇ ಟೈಮರ್ ಹಾಕಿ, ಪ್ರಿಂಟ್ ಕೈಗೆ ಬಂದ ಕೂಡಲೇ 'ಎಲ್ಲರಿಗೂ ಅಳಿಸಿ' ಒತ್ತಿ. ಅಂಗಡಿಯವರು ಅಷ್ಟರಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದರೆ ಅದು ಅಳಿಯುವುದಿಲ್ಲ, ನೆನಪಿರಲಿ. ಎದುರು ನಿಂತು "ಅಕ್ಕ, ಅಲ್ಲಿಂದಲೂ ತೆಗೀರಿ" ಅನ್ನಿ. ನನಗಂತೂ ಬೇಜಾರಿಲ್ಲ. ಬೇಜಾರಾಗುವ ಅಂಗಡಿಗೆ ಮತ್ತೆ ಹೋಗಬೇಡಿ.

ಹಾಳಾದ ಪ್ರತಿಗಳ ಕಥೆ ಇನ್ನೊಂದು. ಮಸುಕಾಗಿ ಬಂದದ್ದು, ಓರೆಯಾದದ್ದು, ಒಂದು ಹೆಚ್ಚಾದದ್ದು, ಎಲ್ಲ ಮೇಜಿನ ಕೆಳಗಿನ ಬುಟ್ಟಿಗೆ. ಬುಟ್ಟಿ ತುಂಬಿದರೆ ಗುಜರಿಗೆ. ಒಮ್ಮೆ ಚರುಮುರಿ ತಿನ್ನುತ್ತಾ ಕೈಯಲ್ಲಿದ್ದ ಪೊಟ್ಟಣ ಬಿಡಿಸಿ ನೋಡಿದೆ. ಯಾರದೋ ಅರ್ಜಿಯ ಪುಟ: ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಮೊಬೈಲ್ ನಂಬರ್. ಕೊತ್ತಂಬರಿ ಸೊಪ್ಪು ಅಂಟಿದ್ದ ಜಾಗ ಬಿಟ್ಟರೆ ಎಲ್ಲವೂ ಸ್ಪಷ್ಟ. ಬ್ಯಾಂಕಿನವರಂತೆ ನಟಿಸಿ ಫೋನ್ ಮಾಡುವವನಿಗೆ ಇನ್ನೇನು ಬೇಕು ಹೇಳಿ? ಕಾಗದ ಕತ್ತರಿಸುವ ಚಿಕ್ಕ ಮೆಷಿನ್ ತಂದೆ. ಉದ್ದ ಪಟ್ಟಿ ಮಾಡುವುದು ಅಗ್ಗಕ್ಕೆ ಸಿಗುತ್ತದೆ, ಆದರೆ ಪಟ್ಟಿಗಳನ್ನು ಜೋಡಿಸಿ ಓದಬಹುದು. ಅಡ್ಡಕ್ಕೂ ಕತ್ತರಿಸುವುದನ್ನೇ ತೆಗೆದುಕೊಳ್ಳಿ. ಮನೆಗೆ ಇಷ್ಟೆಲ್ಲ ಬೇಡ. ನಂಬರ್ ಇರುವ ಜಾಗ ಹರಿದು ಬಚ್ಚಲ ಒಲೆಗೆ ಹಾಕಿದರೂ ಸಾಕು.

ಆಧಾರಿಗೆ ಬರುತ್ತೇನೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಕೊಟ್ಟಿತ್ತು. ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ ಎಂದು. ಜನ ಗಾಬರಿಯಾದರು, ಎರಡೇ ದಿನದಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ನನ್ನ ಪ್ರಕಾರ ಪ್ರಕಟಣೆ ಹಿಂದಕ್ಕೆ ಹೋದರೂ ಮಾತು ಸರಿಯೇ ಇತ್ತು. ಪ್ರಾಧಿಕಾರದ ಮೈಆಧಾರ್ ತಾಣದಲ್ಲಿ ಆಧಾರ್ ಇಳಿಸಿಕೊಳ್ಳುವಾಗ ಮಾಸ್ಕ್ಡ್ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಆಯಿತು, ಮೊದಲ 8 ಅಂಕೆ ಅಡಗುತ್ತವೆ. ಹೋಟೆಲ್ ರೂಮಿಗೆ, ಪಿಜಿಗೆ, ಹಾಲ್ ಬುಕ್ ಮಾಡಲಿಕ್ಕೆ ನಾನು ಅದನ್ನೇ ಪ್ರಿಂಟ್ ಹಾಕಿಕೊಡುತ್ತೇನೆ. "ನಂಬರ್ ಪೂರ್ತಿ ಇಲ್ಲ, ನಡೀತದಾ ಅಕ್ಕ?" ಎಂದು ಕೇಳುತ್ತಾರೆ. ಹೆಚ್ಚಿನ ಕಡೆ ನಡೆಯುತ್ತದೆ. ನಡೆಯದಿದ್ದರೆ ಡ್ರೈವಿಂಗ್ ಲೈಸೆನ್ಸ್ ಕೊಡಿ. ವಿಳಾಸಕ್ಕೆ, ಗುರುತಿಗೆ ಅದೂ ಆಗುತ್ತದಲ್ವಾ?

ಕೆಲವರು ಜಾಣತನ ಮಾಡಿ ಹಳೆಯ ಕಾರ್ಡಿನ ಪ್ರತಿಯಲ್ಲಿ ನಂಬರಿನ ಮೇಲೆ ಕಪ್ಪು ಪೆನ್ನು ಎಳೆಯುತ್ತಾರೆ. ಪಕ್ಕದಲ್ಲಿರುವ ಕ್ಯೂಆರ್ ಕೋಡ್ ಹಾಗೇ ಇರುತ್ತದೆ. ಹಿಂದೆ ಅಂಚೆಯಲ್ಲಿ ಬಂದ ಹಳೆಯ ಆಧಾರ್ ಪತ್ರಗಳ ಕೋಡನ್ನು ಸ್ಕ್ಯಾನ್ ಮಾಡಿದರೆ ಪೂರ್ತಿ ನಂಬರೇ ಬರುತ್ತದೆ. ಈಗಿನ ಕೋಡಿನಲ್ಲಿ ಹಾಗಿಲ್ಲ. ಆದ್ದರಿಂದ ಹಳೆಯ ಪತ್ರ ಮನೆಯಲ್ಲೇ ಇರಲಿ, ಹೊಸದಾಗಿ ಇಳಿಸಿಕೊಂಡದ್ದನ್ನು ಹೊರಗೆ ತನ್ನಿ.

ಇನ್ನು ಇಳಿಸಿಕೊಂಡ ಆಧಾರ್ ಪಿಡಿಎಫಿಗೆ ಪಾಸ್‌ವರ್ಡ್ ಉಂಟಲ್ಲ ಎನ್ನುವ ಧೈರ್ಯ. ಆ ಪಾಸ್‌ವರ್ಡ್ ಏನು ಗೊತ್ತಲ್ಲ? ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಅದರ ಮುಂದೆ ಹುಟ್ಟಿದ ವರ್ಷ. ನಿಮ್ಮ ಹೆಸರು, ಪ್ರಾಯ ಗೊತ್ತಿದ್ದವರಿಗೆ ಅದು ಬೀಗವೇ ಅಲ್ಲ.

ಪ್ರತಿಯ ಮೇಲೆ ಬರೆದುಕೊಡುವ ಅಭ್ಯಾಸ ನನ್ನ ಗಿರಾಕಿಗಳಿಗೆ ನಾನೇ ಹಿಡಿಸಿದ್ದು. 'ಗ್ಯಾಸ್ ಸಂಪರ್ಕಕ್ಕೆ ಮಾತ್ರ' ಎಂದು ಬರೆದು, ದಿನಾಂಕ ಹಾಕಿ, ಸಹಿ. ಮೂಲೆಯಲ್ಲಿ ಬರೆದರೆ ಕತ್ತರಿಸಬಹುದು. ಫೋಟೋದ ಅಂಚು, ಹೆಸರು ಎರಡನ್ನೂ ಹಾದುಹೋಗುವಂತೆ ಓರೆಯಾಗಿ ಬರೆಯಬೇಕು, ಮುಖ ಮಾತ್ರ ಮುಚ್ಚಬಾರದು. ಇದರಿಂದ ಕಳ್ಳ ನಿಲ್ಲುತ್ತಾನೆ ಎಂದು ನಾನು ಹೇಳುವುದಿಲ್ಲ. ಅವನ ಕೆಲಸ ಕಷ್ಟವಾಗುತ್ತದೆ, ನಾಳೆ ಆ ಪ್ರತಿ ಬೇರೆಲ್ಲೋ ಸಿಕ್ಕರೆ ಎಲ್ಲಿಂದ ಸೋರಿತು ಎಂದು ಗೊತ್ತಾಗುತ್ತದೆ.

ಬೆರಳಚ್ಚಿನ ವಿಷಯಕ್ಕೆ ಜನ ಎಚ್ಚೆತ್ತದ್ದು 2023ರಲ್ಲಿ. ಆ ವರ್ಷ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡು ಬಂದ ಕೆಲವರ ಖಾತೆಯಿಂದ ಹಣ ಹೋದ ಪ್ರಕರಣಗಳು ದಾಖಲಾದವು. ಒಟಿಪಿ ಬಂದಿರಲಿಲ್ಲ, ಕಾರ್ಡ್ ಉಜ್ಜಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ಎಂಬ ವ್ಯವಸ್ಥೆಗೆ ಮೂರೇ ಸಂಗತಿ ಬೇಕು: ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು. ಹಳ್ಳಿಯ ಅಜ್ಜಿಗೆ ಎಟಿಎಂ ಇಲ್ಲದೆ ಮನೆ ಬಾಗಿಲಲ್ಲೇ ಪಿಂಚಣಿ ಸಿಗಲಿ ಎಂದು ಮಾಡಿದ್ದು, ಒಳ್ಳೆಯದೇ. ಆದರೆ ನೋಂದಣಿ ದಾಖಲೆಯಲ್ಲಿರುವ ಬೆರಳಚ್ಚನ್ನು ಅಚ್ಚು ತೆಗೆದು ರಬ್ಬರಿನಂಥ ಪದರದ ಮೇಲೆ ಮೂಡಿಸಿದರೆ ಬೆರಳೂ ಸಿಕ್ಕಿತು. ಒಮ್ಮೆಗೆ 10,000 ರೂಪಾಯಿಯವರೆಗೆ ತೆಗೆಯಬಹುದು.

ನಮ್ಮ ಮನೆಯಲ್ಲಿ ಎಲ್ಲರ ಬಯೋಮೆಟ್ರಿಕ್ ಲಾಕ್ ಮಾಡಿದೆ. ಮೈಆಧಾರ್ ತಾಣದಲ್ಲಿ ಮೊಬೈಲ್ ಒಟಿಪಿಯಿಂದ ಒಳಗೆ ಹೋದರೆ ಅದರ ಆಯ್ಕೆ ಕಾಣುತ್ತದೆ. ಬೆರಳು, ಕಣ್ಣು, ಮುಖ ಮೂರಕ್ಕೂ ಬೀಗ ಬೀಳುತ್ತದೆ. ಒಟಿಪಿಯಿಂದ ಆಗುವ ಕೆಲಸ ನಿಲ್ಲುವುದಿಲ್ಲ. ಫಜೀತಿ ಆದದ್ದು ರೇಷನ್ ಅಂಗಡಿಯಲ್ಲಿ. ಅಮ್ಮ ಬೀಡಿ ಕಟ್ಟಿದವರು, ಅವರ ಬೆರಳಿನ ಗೆರೆ ಮೊದಲೇ ಸವೆದಿದೆ, ಮೆಷಿನ್ ಹಿಡಿಯುವುದೇ ಕಷ್ಟ. ಅಲ್ಲಿಂದ ಫೋನ್ ಬಂತು: "ಎಂಥದೋ 330 ಅಂತ ಬರ್ತದಂತೆ, ಅಕ್ಕಿ ಕೊಡುದಿಲ್ಲ ಹೇಳ್ತಾರೆ ಮಾರಾಯ್ತಿ!" 330 ಎಂದರೆ ಬೆರಳು ಸವೆದದ್ದಲ್ಲ, ಬೀಗ ಹಾಕಿದೆ ಎಂದು. ನಾನು ಅಂಗಡಿಯಲ್ಲೇ ಕೂತು ಅಮ್ಮನಿಂದ ಒಟಿಪಿ ಕೇಳಿ ತಾತ್ಕಾಲಿಕವಾಗಿ ತೆರೆದೆ. 10 ನಿಮಿಷದಲ್ಲಿ ಅದಾಗಿಯೇ ಮತ್ತೆ ಮುಚ್ಚಿಕೊಳ್ಳುತ್ತದೆ. ಈಗ ರೇಷನಿಗೆ ಹೊರಡುವ ಮೊದಲು ಅಮ್ಮನೇ ಫೋನ್ ಮಾಡುತ್ತಾರೆ. ಹೊಸ ಸಿಮ್ ತೆಗೆದುಕೊಳ್ಳುವಾಗಲೂ ಬೆರಳು ಕೇಳಿದರೆ ಹೀಗೇ ತೆರೆಯಬೇಕು.

ಅದೇ ತಾಣದಲ್ಲಿ ನಿಮ್ಮ ಆಧಾರನ್ನು ಯಾರು, ಯಾವಾಗ ತಾಳೆ ನೋಡಿದರು ಎಂಬ ಇತಿಹಾಸವೂ ಸಿಗುತ್ತದೆ, ಕಳೆದ 6 ತಿಂಗಳದ್ದು. ಓದಲು ಸ್ವಲ್ಪ ತಲೆಬಿಸಿ. ನೀವು ಮಲಗಿದ್ದ ಹೊತ್ತಿನಲ್ಲಿ ಬೆರಳಿನ ದೃಢೀಕರಣ ಆಗಿದ್ದರೆ ಸುಮ್ನೆ ಬಿಡಬೇಡಿ, ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ.

ನಮ್ಮ ಕರಾವಳಿಯ ಮನೆಗಳಿಗೆ ಇದಕ್ಕಿಂತ ದೊಡ್ಡ ತೂತು ಒಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ಗಲ್ಫಿಗೆ ಹೋದವರ ಹಳೇ ನಂಬರ್. ನನ್ನ ಅಣ್ಣ ಕುವೈತಿನಲ್ಲಿದ್ದಾನೆ. ಊರಿನ ಸಿಮ್ಮಿಗೆ ರೀಚಾರ್ಜ್ ಮಾಡುವುದು ನಿಂತಿತ್ತು, ನಂಬರ್ ಬಂದ್ ಆಗಿತ್ತು. ಬಂದ್ ಆದ ನಂಬರನ್ನು ಕಂಪನಿಯವರು 90 ದಿನ ಯಾರಿಗೂ ಕೊಡುವುದಿಲ್ಲ. ಆಮೇಲೆ ಅದು ಇನ್ನೊಬ್ಬರ ಸ್ವತ್ತು. ಆದರೆ ಅಣ್ಣನ ಆಧಾರಿಗೆ, ಎರಡು ಬ್ಯಾಂಕ್ ಖಾತೆಗೆ, ಇಮೇಲಿಗೆ ಅದೇ ನಂಬರ್ ಅಂಟಿಕೊಂಡಿತ್ತು. ಒಟಿಪಿ ಯಾರೋ ಅಪರಿಚಿತರ ಮೊಬೈಲಿಗೆ ಹೋಗುವ ಸ್ಥಿತಿ. ಅವರು ಸಭ್ಯರಾದರೆ ನಮ್ಮ ಅದೃಷ್ಟ.

ಅವನು ರಜೆಯಲ್ಲಿ ಬಂದಾಗ ಮೊದಲು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದೆ, ನೆಂಟರ ಮನೆಯ ಊಟ ಆಮೇಲೆ. ಚಾಲ್ತಿಯಲ್ಲಿರುವ ನಂಬರನ್ನು ಆಧಾರಿಗೆ ಹಾಕಿಸಿ, ಅಲ್ಲಿಂದ ಬ್ಯಾಂಕು. ಬ್ಯಾಂಕಿನ ಕೆಲಸವೇ ಜಾಸ್ತಿ ಹಿಡಿಯಿತು. ಬ್ಯಾಂಕುಗಳು ಹುಟ್ಟಿದ ಊರು ನಮ್ಮದು: 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ಪ್ರತಿ ಮನೆಯ ಕಪಾಟಿನಲ್ಲೂ ನಾಲ್ಕೈದು ಪಾಸ್‌ಬುಕ್ ಇರುತ್ತದೆ. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಪುಸ್ತಕದ ಮೇಲೆ ಈಗಿಲ್ಲದ ಬ್ಯಾಂಕಿನ ಹೆಸರು, ಒಳಗೆ ಸ್ವಲ್ಪ ಹಣ, ಲಿಂಕ್ ಆದದ್ದು ಸತ್ತ ನಂಬರ್. ಇಂಥ ಖಾತೆಯಿಂದ ಹಣ ಹೋದರೆ ಮೆಸೇಜ್ ಕೂಡ ನಮಗೆ ಬರುವುದಿಲ್ಲ. ಬೇಡದ ಖಾತೆ ಮುಚ್ಚಿಸಿದೆವು, ಬೇಕಾದದ್ದಕ್ಕೆ ನಂಬರ್ ಬದಲಿಸಿದೆವು. ವಾಟ್ಸಾಪಿಗೆ 6 ಅಂಕೆಯ ಪಿನ್ ಹಾಕಿಸಿದ್ದೂ ಆಗಲೇ.

ಸಿಮ್ ಬಗ್ಗೆ ಇನ್ನೊಂದು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಚಾಲ್ತಿಯಲ್ಲಿದೆ ಎಂದು ನೋಡಬಹುದು. ಅಂಗಡಿಯಲ್ಲಿ ನೋಡಿಕೊಟ್ಟಾಗ "ಅಯ್ಯೋ, ಇದು ನನ್ನದಲ್ಲ!" ಎಂದು ಹೌಹಾರುವವರಲ್ಲಿ ಹೆಚ್ಚಿನವರದ್ದು ಮರೆತುಹೋದ ಡಾಂಗಲ್ಲೋ, ಮಗನಿಗೆ ಕೊಡಿಸಿದ ಸಿಮ್ಮೋ ಆಗಿರುತ್ತದೆ. ಒಂದೆರಡು ಕ್ಷಣ ಯೋಚಿಸಿ, ನಿಜವಾಗಿ ನಿಮ್ಮದಲ್ಲದಿದ್ದರೆ ಮಾತ್ರ 'ನನ್ನ ನಂಬರ್ ಅಲ್ಲ' ಒತ್ತಿ.

ಪಾನ್ ಬಳಸಿ ಯಾರಾದರೂ ನಿಮ್ಮ ಹೆಸರಿನಲ್ಲಿ ಸಾಲ ಎತ್ತಿದ್ದಾರಾ ಎಂದು ತಿಳಿಯುವ ದಾರಿ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಿನ ಸಾಲಗಳ ಪಟ್ಟಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂದು ನಾಲ್ಕು ಕಂಪನಿಗಳಿವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ನಾನು ಒಂದೇ ಸಲ ನಾಲ್ಕೂ ತೆಗೆಯುವುದಿಲ್ಲ. ಮೂರು ತಿಂಗಳಿಗೊಂದು ಕಂಪನಿಯದ್ದು ತೆಗೆದರೆ ವರ್ಷವಿಡೀ ಕಣ್ಣಿಟ್ಟಂತೆ. ಸ್ಕೋರ್ ನೋಡಿ ಮುಚ್ಚಬೇಡಿ, ಕೊನೆಯಲ್ಲಿ ಯಾವ ಸಾಲದ ಕಂಪನಿ ನಿಮ್ಮ ಬಗ್ಗೆ ವಿಚಾರಿಸಿದೆ ಎಂಬ ಪಟ್ಟಿ ಇರುತ್ತದೆ. ನೀವು ಹೆಸರೇ ಕೇಳದ ಆ್ಯಪ್ ಅಲ್ಲಿದ್ದರೆ ಅಂದೇ ಆ ರಿಪೋರ್ಟ್ ಕಂಪನಿಗೆ ತಕರಾರು ಹಾಕಿ.

ಮದುವೆ ಕಾಗದ, ಟ್ರಾಫಿಕ್ ದಂಡ ಎಂದು ವಾಟ್ಸಾಪಿನಲ್ಲಿ ಬರುವ ಫೈಲಿನ ಹೆಸರು ಎಪಿಕೆ ಎಂದು ಮುಗಿದರೆ ಮುಟ್ಟಬೇಡಿ, ಅದು ಕಾಗದವಲ್ಲ, ಆ್ಯಪ್. ಇದನ್ನು ಅಂಗಡಿ ಗೋಡೆಗೇ ಬರೆದು ಅಂಟಿಸಿದ್ದೇನೆ.

ಇಷ್ಟಾದರೂ ಹಣ ಹೋಗಬಹುದು. ನಮ್ಮಲ್ಲಿಗೆ ಬರುವ ಒಬ್ಬರು ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದರು. ರಾತ್ರಿ ಖಾತೆಯಿಂದ ಹಣ ಹೋಗಿತ್ತು. ಬೆಳಿಗ್ಗೆ ಬ್ಯಾಂಕ್ ತೆರೆಯಲಿ ಎಂದು ಕಾಯುತ್ತಿದ್ದರು. ಕಾಯುವುದೇ ಬೇಡ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಎಷ್ಟು ಹೊತ್ತಿಗಾದರೂ ಫೋನ್ ಮಾಡಬಹುದು, ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ದಾಟುವ ಮೊದಲೇ ತಡೆಯಲು ಅದೇ ದಾರಿ. ಮೆಸೇಜಿನಲ್ಲಿರುವ ವಹಿವಾಟಿನ ನಂಬರ್ ಕೈಯಲ್ಲಿಟ್ಟುಕೊಳ್ಳಿ, ಮೊದಲು ಅದನ್ನೇ ಕೇಳುತ್ತಾರೆ. ಅದೇ ಹೊತ್ತಿಗೆ ಬ್ಯಾಂಕಿನ ಸಹಾಯವಾಣಿಗೂ ಹೇಳಿ ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದರೆ, ಬ್ಯಾಂಕಿನ ಸಂದೇಶ ಸಿಕ್ಕ 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟ ಬೀಳುವುದಿಲ್ಲ. ತಡವಾದಷ್ಟೂ ನಿಮ್ಮ ಪಾಲು ಏರುತ್ತದೆ. ಒಟಿಪಿ ನೀವೇ ಹೇಳಿದ್ದರೆ ಲೆಕ್ಕ ಬೇರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ.

ಆಮೇಲೆ ಸೆನ್ ಠಾಣೆ, ಅಂದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಪೊಲೀಸ್ ಠಾಣೆ. ಸೈಬರ್ ದೂರಿಗೆ ಜಿಲ್ಲೆಯಲ್ಲಿ ಅದೇ ಠಾಣೆ. ಹೋಗುವಾಗ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್ ದೃಢೀಕರಣದ ಇತಿಹಾಸ, 1930ರಲ್ಲಿ ಸಿಕ್ಕ ದೂರಿನ ಸಂಖ್ಯೆ, ಮೂರರದ್ದೂ ಎರಡೆರಡು ಪ್ರತಿ ಇರಲಿ. ಒಂದರ ಮೇಲೆ ಠಾಣೆಯ ಸೀಲು ಹಾಕಿಸಿಕೊಂಡು ಬನ್ನಿ, ಬ್ಯಾಂಕಿನಲ್ಲಿ ಅದನ್ನೇ ಕೇಳುತ್ತಾರೆ.