ಬಿಟ್ಟಿ ಪಿಯಾನೋ ಮನೆಗೆ ತರೋ ಮುಂಚೆ ಪಿನ್ನು ನೋಡ್ಕೊಳ್ಳಿ

ಅಮೆರಿಕದಲ್ಲಿರೋ ನಮ್ಮವರು ಮಗಳನ್ನ ಪಿಯಾನೋ ಕ್ಲಾಸಿಗೆ ಸೇರಿಸಿದ ವಾರವೇ "ಫ್ರೀ, ಬಂದು ಎತ್ಕೊಂಡು ಹೋಗಿ" ಅನ್ನೋ ಜಾಹೀರಾತು ನೋಡಿ ಹೊರಟುಬಿಡ್ತಾರೆ, ನೂರು ವರ್ಷದ ಅಪ್‌ರೈಟು (ನೆಟ್ಟಗೆ ನಿಲ್ಲೋ ಪಿಯಾನೋ), ಮೇಲೆ ಚಿನ್ನದ ಅಕ್ಷರ, ಹೊರೋಕೆ ನಾಲ್ಕು ಜನ, ಆಮೇಲೆ ಶ್ರುತಿ ಮಾಡೋ ಟ್ಯೂನರ್ ಬಂದು ಮುಚ್ಚಳ ತೆಗೆದು ತಲೆ ಅಲ್ಲಾಡಿಸ್ತಾನೆ. ಮೂರು ಮನೇಲಿ ಇದೇ ಕತೆ ನೋಡಿದೀನಿ.

ಮೊದಲು ವಯಸ್ಸು. ಒಳಗೆ ಕಬ್ಬಿಣದ ಫ್ರೇಮ್ ಹತ್ರ ಸೀರಿಯಲ್ ನಂಬರ್ ಇರುತ್ತೆ, ಅದ್ರಿಂದ ವರ್ಷ ಹುಡುಕಬಹುದು. 1909ರಲ್ಲಿ ಒಂದೇ ವರ್ಷಕ್ಕೆ ಅಲ್ಲಿ ಮೂರೂವರೆ ಲಕ್ಷಕ್ಕೂ ಜಾಸ್ತಿ ಪಿಯಾನೋ ತಯಾರಾಗಿದ್ವು, "ಹಳೇದು, ಅಪರೂಪದ್ದು" ಅಂದ್ರೆ ಮರುಳಾಗ್ಬೇಡಿ.

88 ಕೀನೂ ಒತ್ತಿ ನೋಡಿ. ಇದು ಸುಲಭ.

ಈಗ ಪಿನ್ನು, ಅಂದ್ರೆ ತಂತಿ ಬಿಗಿ ಮಾಡೋಕೆ ತಿರುಗಿಸೋ ಮೊಳೆ, ಎಲ್ಲರೂ ಎಡವೋದು ಇಲ್ಲೇ. ಇನ್ನೂರಕ್ಕೂ ಹೆಚ್ಚು ತಂತಿ, ಒಟ್ಟು ಎಳೆತ ಹತ್ತಿರ ಹತ್ತಿರ 18 ಟನ್. ಅದನ್ನ ತಡೆಯೋಕೇ ಬಾಸ್ಟನ್ನಿನ ಪಿಯಾನೋ ತಯಾರಕ ಬ್ಯಾಬ್‌ಕಾಕ್ 1825ರಲ್ಲಿ ಎರಕದ ಕಬ್ಬಿಣದ ಫ್ರೇಮಿಗೆ ಪೇಟೆಂಟ್ ತಗೊಂಡಿದ್ದು, 1843ರಲ್ಲಿ ಅದೇ ಊರಿನ ತಯಾರಕ ಚಿಕರಿಂಗ್ ಅದನ್ನ ಗ್ರ್ಯಾಂಡ್ ಪಿಯಾನೋಗೂ ತಂದ. ಕಬ್ಬಿಣ ಅಲುಗಲ್ಲ ಸರಿ, ಆದ್ರೆ ತಂತಿ ಸುತ್ತಿರೋ ಪಿನ್ನು ಕೂತಿರೋದು ಅದರ ಹಿಂದಿನ ಮೇಪಲ್ ಮರದ ದಪ್ಪ ಹಲಗೇಲಿ, ಅಂದ್ರೆ ಪಿನ್‌ಬ್ಲಾಕಲ್ಲಿ, ಅದೂ ಬರೀ ಬಿಗಿಯಲ್ಲಿ. ಚಳಿಗಾಲದ ಹೀಟರ್‌ಗೆ ಮರ ಒಣಗಿ ಒಣಗಿ ತೂತು ಸಡಿಲ ಆಗುತ್ತೆ, ಪಿನ್ನು ಜಾರಿ ಶ್ರುತಿ ನಿಲ್ಲಲ್ಲ.

ಟಾರ್ಚ್ ಬಿಟ್ಟು ನೋಡಿ. ಪಿನ್ನಿನ ಸುತ್ತ ಕಪ್ಪು ಕಲೆ ಇದ್ರೆ ಯಾರೋ ಬಿಗಿ ಮಾಡೋ ದ್ರಾವಣ ಸುರಿದಿದಾರೆ (ಆ ಬಾಟಲಿ ನೀವಂತೂ ಕೊಳ್ಳಲೇಬೇಡಿ, ಬರೀ ಗಲೀಜು). ತಂತಿಯ ಸುರುಳಿ ಫ್ರೇಮಿಗೆ ತಾಗಿದ್ರೆ ಸುತ್ತಿಗೇಲಿ ಹೊಡೆದು ಕೂರಿಸಿದಾರೆ ಅಂತ ಲೆಕ್ಕ. ಆಮೇಲೆ ಕಿವಿ: ಮೇಲಿನ ಒಂದೊಂದು ಸ್ವರಕ್ಕೂ ಮೂರು ತಂತಿ, ಮೂರೂ ಒಂದೇ ಶ್ರುತೀಲಿ ಇಲ್ದಿದ್ರೆ ಸದ್ದು ಅಲೆಯುತ್ತೆ, ಒತ್ತಿ ಹಿಡಿದಾಗ ಉವ್ವಾ ಉವ್ವಾ ಅನ್ನುತ್ತಾ ಕೇಳಿ. ಎಲ್ಲಾ ಕಡೆ ಒಂದೇ ಥರ ಅಲೆದ್ರೆ ಬಹುಶಃ ವರ್ಷಗಟ್ಟಲೆ ಟ್ಯೂನ್ ಆಗಿಲ್ಲ, ಪರವಾಗಿಲ್ಲ. ಹೋದ ತಿಂಗಳು ಟ್ಯೂನ್ ಮಾಡಿಸಿದ್ವಿ ಅಂತಾರೆ, ಆದ್ರೂ ಅಕ್ಕಪಕ್ಕದ ಏಳೆಂಟು ಮಾತ್ರ ಅಲೀತಿವೆ ಅಂದ್ರೆ ಬ್ಲಾಕ್ ಬಿರುಕು ಬಿಟ್ಟಿರಬಹುದು, ಅಲ್ಲಿಂದ ವಾಪಸ್ ಬನ್ನಿ. ಅನುಮಾನ ಇದ್ರೆ ಕಾಸು ಕೊಟ್ಟು ಟ್ಯೂನರ್‌ನ ಕರ್ಕೊಂಡು ಹೋಗಿ, ಅವನು ಪಿನ್ನಿಗೆ ತನ್ನ ಟ್ಯೂನಿಂಗ್ ಕೀಲಿ ಹಾಕಿ ತಿರುಗಿಸಿದ್ರೆ ಕೈಗೇ ಗೊತ್ತಾಗುತ್ತೆ.

ಸೌಂಡ್‌ಬೋರ್ಡ್, ಅಂದ್ರೆ ಸದ್ದು ಮೊಳಗಿಸೋ ತೆಳು ಮರದ ಹಲಗೆ, ಅದರ ಬಿರುಕಿಗೆ ಹೆದರಬೇಡಿ, ಗುಂಯ್ ಅನ್ನದಿದ್ರೆ ಸಾಕು. ಸ್ಪಿನೆಟ್ ಅನ್ನೋ ಪುಟ್ಟ ಗಿಡ್ಡ ಪಿಯಾನೋ ಮಾತ್ರ ಬೇಡವೇ ಬೇಡ: 1940ರ ದಶಕದವಲ್ಲಿ ಹಲವಕ್ಕೆ ಒಳಗೆ ಕೀಯಿಂದ ಸುತ್ತಿಗೆ ಕಡೆಗೆ ಕೊಂಡಿ ಹಾಕೋ ಪ್ಲಾಸ್ಟಿಕ್ "ಮೊಣಕೈ"ಗಳು, ಮುಟ್ಟಿದ್ರೆ ಹಪ್ಪಳದ ಥರ ಪುಡಿ ಆಗ್ತವೆ.

ಮನೆಗೆ ತಂದ್ಮೇಲೆ ಎರಡು ಮೂರು ವಾರ ಸುಮ್ನೆ ಬಿಡಿ, ಆಮೇಲೆ ಟ್ಯೂನ್ ಮಾಡಿಸಿ.