ಉದ್ದನೆಯ ಚಾಟ್‌ನಲ್ಲಿ ಎಐ ಮರೆಯದಂತೆ ನೋಡಿಕೊಳ್ಳುವುದು
ಎಐ ಮಾದರಿಗೆ ನಿಮ್ಮ ಮಾತು ತಾನಾಗಿ ನೆನಪಿರುವುದಿಲ್ಲ. ಪ್ರತಿ ಉತ್ತರಕ್ಕೂ ಆ್ಯಪ್ ಹಿಂದಿನ ಸಂಭಾಷಣೆಯನ್ನು ಅದಕ್ಕೆ ಮತ್ತೆ ಕೊಡುತ್ತದೆ, ಹೀಗೆ ಕೊಡುವ ಪಠ್ಯಕ್ಕೆ ಟೋಕನ್‌ಗಳ (ಮಾದರಿ ಪಠ್ಯವನ್ನು ಒಡೆದುಕೊಳ್ಳುವ ಚಿಕ್ಕ ತುಣುಕುಗಳು) ಮಿತಿಯಿದೆ. ಮಿತಿ ತುಂಬಿದರೆ ಹಲವು ಆ್ಯಪ್‌ಗಳು ಹಳೆಯ ಮಾತನ್ನೇ ಮೊದಲು ಕೈಬಿಡುತ್ತವೆ. ಕನ್ನಡದಲ್ಲಂತೂ ಬೇಗ ತುಂಬುತ್ತದೆ: ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ 6 ಸಂಕೇತ, ಹಾಗಾಗಿ ಟೋಕನ್‌ಗಳೂ ಹೆಚ್ಚು ಬೇಕಾಗಬಹುದು.

ಹತ್ತು ಹದಿನೈದು ಪ್ರಶ್ನೆಗಳಾದ ಮೇಲೆ, “ಇಲ್ಲಿಯವರೆಗಿನ ತೀರ್ಮಾನ, ಹೆಸರು, ಅಂಕಿಗಳನ್ನು 10 ಸಾಲಿನಲ್ಲಿ ಬರೆ” ಎನ್ನಿ. ಅಂಕಿಗಳನ್ನು ನೀವೇ ತಾಳೆ ನೋಡಿ, ಸಾರಾಂಶದಲ್ಲಿ ಅವು ಸುಲಭವಾಗಿ ಕೆಡುತ್ತವೆ. ಆಮೇಲೆ ಹೊಸ ಚಾಟ್ ತೆರೆದು ಆ ಸಾರಾಂಶವನ್ನು ಮೊದಲಿಗೇ ಅಂಟಿಸಿ.

ಮುಖ್ಯ ಷರತ್ತನ್ನು ಉದ್ದ ಪಠ್ಯದ ನಡುವೆ ಹುದುಗಿಸಬೇಡಿ. ನಡುವಿನದು ಕಣ್ತಪ್ಪುವುದು ಹೆಚ್ಚು. ಉತ್ತರ ತಪ್ಪಾದರೆ ವಾದ ಬೆಳೆಸದೆ ಪ್ರಶ್ನೆಯನ್ನೇ ತಿದ್ದಿ ಕಳಿಸಿ. ಇಲ್ಲದಿದ್ದರೆ ಆ ತಪ್ಪನ್ನೂ ಅದು ಪ್ರತಿ ಸಲ ಓದುತ್ತದೆ.