ಸಪ್ಲೈಯರ್ ಬದಲಿಸುವಾಗ ಹಳೆಯ ಖಾತೆಯ ದುಡ್ಡನ್ನು ನಾನು ನೋಡಿಕೊಂಡ ರೀತಿ

ಬ್ರಿಟನ್ನಿನಲ್ಲಿ ಕರೆಂಟ್ ಮತ್ತು ಗ್ಯಾಸ್ ಸಪ್ಲೈಯರ್ ಬದಲಿಸುವುದು ಈಗ ಸುಲಭ. 2022ರ ಜುಲೈನಿಂದ ಐದು ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ತಂತಿ, ಪೈಪು, ಮೀಟರ್ ಎಲ್ಲ ಅದೇ ಇರುತ್ತದೆ, ಬಿಲ್ ಕಳಿಸುವವರು ಮಾತ್ರ ಬೇರೆ. ಕಷ್ಟ ಇರುವುದು ದುಡ್ಡಿನ ಲೆಕ್ಕದಲ್ಲಿ. ರೆಡಿಂಗ್ ಊರಿನ ನಮ್ಮ ಮನೆಗೆ ಕಳೆದ ಅಕ್ಟೋಬರಿನಲ್ಲಿ ಸಪ್ಲೈಯರ್ ಬದಲಿಸಿದೆ. ಆಗ ಹಳೆಯ ಖಾತೆಯಲ್ಲಿ 310 ಪೌಂಡ್ ಕ್ರೆಡಿಟ್ ಇತ್ತು.

ಇಷ್ಟು ದುಡ್ಡು ಅಲ್ಲಿ ಸೇರಿದ್ದು ಹೇಗೆ? ಮೈಸೂರಿನ ಮನೆಯಲ್ಲಿ ಮೀಟರ್ ರೀಡರ್ ಬಂದು, ರೀಡಿಂಗ್ ನೋಡಿ, ಅಲ್ಲೇ ಬಿಲ್ ಹರಿದು ಕೊಟ್ಟು ಹೋಗುತ್ತಾರೆ. ಆ ತಿಂಗಳು ಬಳಸಿದ್ದಕ್ಕೆ ಆ ತಿಂಗಳು ದುಡ್ಡು. ಇಲ್ಲಿ ಡೈರೆಕ್ಟ್ ಡೆಬಿಟ್‌ನಲ್ಲಿ, ಅಂದರೆ ಬ್ಯಾಂಕ್ ಖಾತೆಯಿಂದ ಕಂಪನಿಯೇ ದುಡ್ಡು ಎಳೆದುಕೊಳ್ಳುವ ವ್ಯವಸ್ಥೆಯಲ್ಲಿ, ವರ್ಷದ ಖರ್ಚನ್ನು ಅಂದಾಜು ಮಾಡಿ, ಹನ್ನೆರಡು ಸಮ ಕಂತು ಮಾಡುತ್ತಾರೆ. ನಮ್ಮದು ತಿಂಗಳಿಗೆ 150 ಪೌಂಡ್. ಜುಲೈನಲ್ಲಿ ಹೀಟಿಂಗ್ ಇರುವುದಿಲ್ಲ, 60 ಪೌಂಡ್ ಖರ್ಚಾದರೆ ಜಾಸ್ತಿ. ಉಳಿದದ್ದು ಖಾತೆಯಲ್ಲಿ ಸೇರುತ್ತಾ ಹೋಗುತ್ತದೆ. ಜನವರಿಯಲ್ಲಿ ಗ್ಯಾಸ್ ಅದನ್ನು ತಿಂದುಹಾಕುತ್ತದೆ. ಹಾಗಾಗಿ ಬೇಸಿಗೆ ಮುಗಿದ ಹೊತ್ತಿಗೆ ಕಾಣುವ ಕ್ರೆಡಿಟ್ ಲಾಭವಲ್ಲ, ಚಳಿಗಾಲಕ್ಕೆ ಮುಂಗಡ ಕೊಟ್ಟ ದುಡ್ಡು.

ಇದು ಮುಖ್ಯ. ಯಾಕೆಂದರೆ ಆ ಕ್ರೆಡಿಟ್ ಹೊಸ ಸಪ್ಲೈಯರ್‌ಗೆ ವರ್ಗವಾಗುವುದಿಲ್ಲ. ನಮ್ಮ ಬ್ಯಾಂಕಿಗೆ ವಾಪಸ್ ಬರುತ್ತದೆ. ಹೊಸ ಖಾತೆ ಸೊನ್ನೆಯಿಂದ ಶುರು, ಅದೂ ಚಳಿ ಹತ್ತಿರವಾಗುವಾಗ. ಬಂದ ರಿಫಂಡನ್ನು ದೀಪಾವಳಿ ಖರ್ಚಿಗೆ ಹಾಕಿದರೆ ಫೆಬ್ರವರಿಯಲ್ಲಿ ಖಾತೆ ಮೈನಸ್ ಆಗಿ, ಕಂತು ಏರಿಸುತ್ತೇವೆ ಅಂತ ಮೇಲ್ ಬರುತ್ತದೆ. ರಿಫಂಡ್ ಎಷ್ಟೇ ಬರಲಿ, ಅದನ್ನು ಹೊಸ ಖಾತೆಗೇ ಕಟ್ಟಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಬದಲಿಸುವ ಮೊದಲು ಎಕ್ಸಿಟ್ ಫೀ, ಅಂದರೆ ಅವಧಿಗೆ ಮೊದಲೇ ಬಿಟ್ಟು ಹೋದರೆ ಹಾಕುವ ಶುಲ್ಕ, ನೋಡಿದೆ. ಫಿಕ್ಸ್ಡ್ ಟ್ಯಾರಿಫ್‌ನಲ್ಲಿ (ಗೊತ್ತಾದ ಅವಧಿಗೆ ದರ ಬದಲಾಗದ ಒಪ್ಪಂದ) ಇರುವವರು ಆ ಅವಧಿಯ ಕೊನೆಯ 49 ದಿನಗಳಲ್ಲಿ ಹೊರಟರೆ ಆ ಫೀ ಹಾಕುವಂತಿಲ್ಲ. ನಾನು ಆ ಕಿಟಕಿಗೆ ಕಾದಿದ್ದೆ. ಆಮೇಲೆ ಹಳೆಯ ಬಿಲ್ಲಿನಿಂದ ಒಂದು ವರ್ಷದ ನಿಜವಾದ ಬಳಕೆ ತೆಗೆದುಕೊಂಡೆ, ಕರೆಂಟ್ ಬೇರೆ, ಗ್ಯಾಸ್ ಬೇರೆ. ಹೊಸಬರು ತಮ್ಮ ಅಂದಾಜಿನ ಮೇಲೆ 175 ಪೌಂಡ್ ಕಂತು ಹೇಳಿದ್ದರು. ನಿಜವಾದ ಯೂನಿಟ್ ಕೊಟ್ಟ ಮೇಲೆ 155ಕ್ಕೆ ಇಳಿಸಿದರು. ಕೇಳದಿದ್ದರೆ ಸುಮ್ನೆ ತಿಂಗಳಿಗೆ 20 ಪೌಂಡ್ ಅವರ ಹತ್ತಿರ ಕೂತಿರುತ್ತಿತ್ತು.

ಬದಲಾಗುವ ದಿನ ಬೆಳಿಗ್ಗೆ ಎರಡೂ ಮೀಟರಿನ ಫೋಟೋ ತೆಗೆದೆ. ಮೀಟರ್ ಸೀರಿಯಲ್ ನಂಬರ್ ಕೂಡ ಕಾಣುವ ಹಾಗೆ. ಅದೇ ಅಂಕಿಗಳನ್ನು ಇಬ್ಬರಿಗೂ ಕಳಿಸಿದೆ. ರೀಡಿಂಗನ್ನು ತಾನೇ ಕಳಿಸುವ ಸ್ಮಾರ್ಟ್ ಮೀಟರ್ ಇದ್ದರೂ ಇದನ್ನು ಬಿಡಬೇಡಿ.

ಹಳೆಯ ಡೈರೆಕ್ಟ್ ಡೆಬಿಟನ್ನು ಮಾತ್ರ ಮುಟ್ಟಲಿಲ್ಲ. ಹೊಸದು ಶುರುವಾಯ್ತಲ್ವಾ, ಹಳೆಯದನ್ನು ಬ್ಯಾಂಕಿನಲ್ಲಿ ನಿಲ್ಲಿಸೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಫೈನಲ್ ಬಿಲ್ಲಿನಲ್ಲಿ ಬಾಕಿ ಬಂದರೆ ಅದರ ಮೂಲಕವೇ ಹೋಗುತ್ತದೆ. ಕ್ರೆಡಿಟ್ ಇದ್ದರೆ ಸಾಮಾನ್ಯವಾಗಿ ಅದೇ ಬ್ಯಾಂಕ್ ಖಾತೆಗೆ ಬರುತ್ತದೆ. ತಪ್ಪಾಗಿ ದುಡ್ಡು ಎಳೆದರೆ ಡೈರೆಕ್ಟ್ ಡೆಬಿಟ್ ಗ್ಯಾರಂಟಿಯ ಪ್ರಕಾರ ಬ್ಯಾಂಕೇ ವಾಪಸ್ ಕೊಡಬೇಕು. ಒಂದು ತಿಂಗಳು ಹಳಬರ ಕಂತು, ಹೊಸಬರ ಕಂತು ಎರಡೂ ಹೋಗಬಹುದು. ಅದಕ್ಕೆ ಬ್ಯಾಂಕಿನಲ್ಲಿ ಸ್ವಲ್ಪ ದುಡ್ಡು ಇಟ್ಟಿರಬೇಕು.

ಫೈನಲ್ ಬಿಲ್ ಬಂದಾಗ ಮೊದಲು ನೋಡಿದ್ದು ಮೊತ್ತವನ್ನಲ್ಲ, ರೀಡಿಂಗನ್ನು. ಗ್ಯಾಸಿನ ಕೊನೆಯ ರೀಡಿಂಗ್ ನನ್ನ ಫೋಟೋಗಿಂತ 40 ಘನ ಮೀಟರ್ ಜಾಸ್ತಿ ಇತ್ತು, ಪಕ್ಕದಲ್ಲಿ ಅಂದಾಜು ಅಂತ ಬರೆದಿತ್ತು. ಹೊಸಬರು ನನ್ನ ಅಂಕಿಯಿಂದಲೇ ಶುರು ಮಾಡಿದ್ದರು. ಅಂದರೆ ಆ 40ಕ್ಕೆ ಎರಡು ಕಡೆ ದುಡ್ಡು. ಒಂದು ಘನ ಮೀಟರ್ ಗ್ಯಾಸ್ ಸುಮಾರು 11 ಯೂನಿಟ್ ಆಗುತ್ತದೆ. ಯೂನಿಟ್‌ಗೆ 6 ಪೆನ್ಸ್ ಹಿಡಿದರೂ 26 ಪೌಂಡಿನ ಹತ್ತಿರ. ಹಳಬರ ಕೊನೆಯ ರೀಡಿಂಗ್ ಮತ್ತು ಹೊಸಬರ ಮೊದಲ ರೀಡಿಂಗ್ ಒಂದೇ ಆಗಿರಬೇಕು. ಫೋಟೋ ಜೊತೆಗೆ ಇಬ್ಬರಿಗೂ ಬರೆದೆ. ಹೊಸ ಸಪ್ಲೈಯರ್ ಹಳಬರ ಜೊತೆ ಮಾತಾಡಿ ಸರಿಮಾಡಿಸಿದರು. ತಿದ್ದಿದ ಬಿಲ್ ಬಂತು.

ಬದಲಾದ ಆರು ವಾರದೊಳಗೆ ಫೈನಲ್ ಬಿಲ್ ಕೊಡಬೇಕು. ಬಿಲ್ ಆದ ಮೇಲೆ 10 ಕೆಲಸದ ದಿನದೊಳಗೆ ಕ್ರೆಡಿಟ್ ವಾಪಸ್ ಮಾಡಬೇಕು. ಇದು ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ನಿಯಮ. ತಡವಾದರೆ ನಾವು ಕೇಳದೆಯೇ ಪರಿಹಾರ ಕೊಡಬೇಕು. ಎರಡೂ ಗಡುವನ್ನು ಕ್ಯಾಲೆಂಡರಿನಲ್ಲಿ ಹಾಕಿಟ್ಟಿದ್ದೆ. ದುಡ್ಡು ಗಡುವಿನೊಳಗೇ ಬಂತು, ಅಂದೇ ಹೊಸ ಖಾತೆಗೆ ಕಟ್ಟಿದೆ. ಕಂಪನಿ ಮುಳುಗಿದರೆ ಈ ದುಡ್ಡಿನ ಗತಿ ಏನು ಅಂತ ಸ್ನೇಹಿತರು ಕೇಳುತ್ತಾರೆ. 2021ರಲ್ಲಿ ಸಾಲಾಗಿ ಸಪ್ಲೈಯರ್‌ಗಳು ಮುಚ್ಚಿದಾಗಲೂ ಮನೆಯವರ ಕ್ರೆಡಿಟ್‌ಗೆ ಆಫ್‌ಜೆಮ್ ರಕ್ಷಣೆ ಇತ್ತು. ಆ ಭಯಕ್ಕೆ ಯಾರೂ ಬದಲಿಸುವುದನ್ನು ನಿಲ್ಲಿಸಬೇಕಿಲ್ಲ.

ಪ್ರೀಪೇಮೆಂಟ್ ಮೀಟರ್ (ಕೀ ಅಥವಾ ಕಾರ್ಡಿಗೆ ಮೊದಲೇ ದುಡ್ಡು ತುಂಬಿ ಬಳಸುವ ಮೀಟರ್) ಇರುವ ಬಾಡಿಗೆ ಮನೆಯ ಹುಡುಗರಿಗೆ ಬೇರೆ ಲೆಕ್ಕ. ಬದಲಿಸುವ ವಾರ ಜಾಸ್ತಿ ಟಾಪ್ ಅಪ್ ಮಾಡಬೇಡಿ, ಇರುವುದನ್ನು ಬಳಸಿ ಮುಗಿಸಿ. ಹೊಸಬರ ಕೀ ಅಥವಾ ಕಾರ್ಡ್ ಕೈಗೆ ಬಂದ ಮೇಲೆ ಹಳೆಯದಕ್ಕೆ ದುಡ್ಡು ಹಾಕಬೇಡಿ. ಸಾಲ ಇದ್ದರೂ, ಒಂದೊಂದು ಮೀಟರಿಗೆ 500 ಪೌಂಡ್‌ವರೆಗೆ ಆ ಸಾಲದ ಜೊತೆಗೇ ಹೊಸ ಸಪ್ಲೈಯರ್‌ಗೆ ಹೋಗಬಹುದು.